ಎತ್ತಿದ ಬೆರಳು

ಮಾರ್ಚ್ 3

ಪ್ರೀತಿಯ ಅಕ್ಕನಿಗೆ,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕೈಬರಹ ಯಾರದೆಂದು ತಲೆ ಕೆರೆದುಕೊಳ್ಳಬೇಡಿ. ನಾನೇ, ಗಡಿಯಾರದಂಗಡಿಯ ಚಿಕ್ಕಮುಳ್ಳು. ಕುಳ್ಳಿ, ನಿಧಾನಸ್ಥೆ ಎಂದು ಅಪ್ಪ ಇಟ್ಟ ಹೆಸರು. ಐವತ್ತಮೂರು ತುಂಬಿದರೂ ಬೀದಿಯವರು ಅದನ್ನು ಬಿಟ್ಟಿಲ್ಲ. ನೀವು ನಮ್ಮ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ತಿಂಗಳಿದ್ದು, ನಾವು ಕೂತಿದ್ದು ನಿಂತಿದ್ದು ಸೀನಿದ್ದೆಲ್ಲ ಬರೆದುಕೊಂಡು ನಿಮ್ಮ ದೇಶಕ್ಕೆ ಹೋದಾಗ ನನಗೆ ಹತ್ತೊಂಬತ್ತು. ನಿಮ್ಮನ್ನೂ ಬೀದಿ ಮರೆತಿಲ್ಲ. ಇವತ್ತಿಗೂ ನೀವು ಇಲ್ಲಿ 'ನೋಟ್‌ಬುಕ್ ಅಕ್ಕ'ನೇ.

ಅಪ್ಪನಿಗೆ ಎಂಬತ್ತಾರು. ಮಧ್ಯಾಹ್ನದ ಬಿಸಿಲು ಗಾಜು ದಾಟಿ ಬಂದು ಗೋಡೆಯ ಮೇಲಿನ ಗಡಿಯಾರಗಳ ಮುಖವೆಲ್ಲ ಒಂದೇ ಸಲ ಹೊಳೆಯುತ್ತದಲ್ಲ, ನಿಮಗೆ ಇಷ್ಟವಾಗಿದ್ದ ಆ ಹೊತ್ತಿನಲ್ಲಿ ಅವನು ಬೆಂಚಿನ ಮೇಲೆ ಅರೆಗಣ್ಣು ಮಾಡಿಕೊಂಡು ಕೂತಿರುತ್ತಾನೆ. ನಿದ್ದೆಯೋ ಎಚ್ಚರವೋ ಅವನಿಗೇ ಗೊತ್ತು.

ವಿಷಯಕ್ಕೆ ಬರುತ್ತೇನೆ. ನಿಮ್ಮ 'ಎತ್ತಿದ ಬೆರಳು' ಪುಸ್ತಕದ ಮೂರನೇ ಅಧ್ಯಾಯ ಇಪ್ಪತ್ತು ವರ್ಷದಿಂದ ಇಲ್ಲಿನ ಶಾಲೆಗಳಲ್ಲಿ ಪಾಠವಾಗಿದೆ. 'ಗಡಿಯಾರದವನು ಬೆರಳೆತ್ತುತ್ತಾನೆ. ಗಿರಾಕಿಗಳು ಮಾತು ನಿಲ್ಲಿಸುತ್ತಾರೆ. ಮಗಳು ಕಣ್ಣು ತಗ್ಗಿಸುತ್ತಾಳೆ. ಈ ದೇಶವನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು.' ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಈಗ ನಮ್ಮನ್ನಾಳುವವರು, ಜನ ಅವರನ್ನು 'ದೊಡ್ಡವರು' ಎನ್ನುತ್ತಾರೆ, ತಾವೂ ಬೆರಳೆತ್ತಿ ನಿಂತ ಚಿತ್ರವನ್ನು ಬೀದಿ ತುಂಬ ಅಂಟಿಸಿದ್ದಾರೆ. ಕೆಳಗೆ ನಿಮ್ಮದೇ ಸಾಲು: 'ಈ ಜನ ಅಪ್ಪಣೆಯಲ್ಲಿ ನೆಮ್ಮದಿ ಕಾಣುತ್ತಾರೆ.' ಸೆಪ್ಟೆಂಬರಿನಲ್ಲಿ ಮತದಾನವಿದೆ. ಇನ್ನು ಮುಂದೆ ಮತದಾನ ಬೇಕೋ ಬೇಡವೋ ಎಂದು ಕೇಳುವ ಮತದಾನ! ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಅಕ್ಕ, ಅಪ್ಪ ಬೆರಳೆತ್ತುತ್ತಿದ್ದದ್ದು ಗಡಿಯಾರ ಕೇಳಿಸಿಕೊಳ್ಳಲಿಕ್ಕೆ. ರಿಪೇರಿಯಾದದ್ದನ್ನು ಗೋಡೆಗೆ ನೇತು ಹಾಕಿದಾಗ ಟಿಕ್ಕಿಗೂ ಟಾಕಿಗೂ ನಡುವಿನ ಅಂತರ ಸಮವಾಗಿರಬೇಕು. ಇಲ್ಲದಿದ್ದರೆ ಗಡಿಯಾರ ಕುಂಟುತ್ತದೆ, ಎರಡು ದಿನಕ್ಕೆ ನಿಲ್ಲುತ್ತದೆ. ಅದನ್ನು ಕಿವಿಯಿಂದಲೇ ತಿಳಿಯಬೇಕು. ಇದು ನಿಮಗೂ ಗೊತ್ತಿತ್ತು. ಒಂದು ಅಂಗಡಿ ಒಂದು ದೇಶವಲ್ಲ ಎಂದು ನೀವು ಪತ್ರಿಕೆಗೆ ನಾಲ್ಕು ಸಾಲು ಬರೆದರೆ ಸಾಕು. ನಿಮ್ಮ ಮಾತನ್ನು ಇಲ್ಲಿ ಯಾರೂ ತೆಗೆದುಹಾಕುವುದಿಲ್ಲ.

ನಿಮ್ಮ,
ಚಿಕ್ಕಮುಳ್ಳು


ಮಾರ್ಚ್ 29

ಪ್ರೀತಿಯ ಚಿಕ್ಕಮುಳ್ಳು,

ನಿನ್ನ ಕಾಗದವನ್ನು ಕಿಟಕಿಯ ಬಳಿ ಮೂರು ಸಲ ಓದಿದೆ. ಓದುತ್ತ ಓದುತ್ತ ನಿಮ್ಮ ಮಹಡಿಯ ಕೋಣೆಗೆ ಹೋಗಿಬಿಟ್ಟೆ. ಮರದ ನೆಲದ ಸಂದಿನಿಂದ ಕೆಳಗಿನ ಅಂಗಡಿಯ ಸದ್ದು ಬರುತ್ತಿತ್ತು, ನೂರು ಗಡಿಯಾರಗಳು, ಒಂದಕ್ಕೊಂದು ಕಾಯದೆ. ಮಲಗಿದರೆ ಯಾರೋ ನನ್ನನ್ನು ಮೆಲ್ಲಗೆ ಎಣಿಸುತ್ತಿದ್ದಾರೆ ಎನಿಸುತ್ತಿತ್ತು. ಅಷ್ಟು ಒಳ್ಳೆಯ ನಿದ್ದೆ ಮತ್ತೆಲ್ಲೂ ಬರಲಿಲ್ಲ. ಹೊರಡುವಾಗ ನಿಮ್ಮಪ್ಪ ಕೊಟ್ಟ ಗೋಡೆ ಗಡಿಯಾರ ಇವತ್ತಿಗೂ ಸರಿಯಾಗಿ ಓಡುತ್ತಿದೆ. ಎಂಟು ದಿನಕ್ಕೊಮ್ಮೆ ತಪ್ಪದೆ ಕೀಲಿ ಕೊಡುತ್ತೇನೆ.

ಈಗ ನಿನ್ನ ಮಾತಿಗೆ. ಪುಸ್ತಕ ಬಂದಾಗ ನಮ್ಮ ವಿಶ್ವವಿದ್ಯಾಲಯದಲ್ಲಿ ಎಷ್ಟು ಜನ ನಕ್ಕರು ನಿನಗೆ ಗೊತ್ತಿಲ್ಲ. ಮಗುವನ್ನು ಹೇಗೆ ಎತ್ತಿಕೊಳ್ಳುತ್ತಾರೆ, ಊಟದ ಮೇಜಿನಲ್ಲಿ ಯಾರು ಮೊದಲು ಮಾತಾಡುತ್ತಾರೆ ಎಂಬುದರಿಂದ ಒಂದು ದೇಶದ ರಾಜಕೀಯ ತಿಳಿಯುತ್ತದೆ ಎಂದರೆ ಹಾಸ್ಯವಾಗಿತ್ತು ಅವರಿಗೆ. ಈಗ ಪತ್ರಿಕೆಯವರು ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ. ಮೂವತ್ತನಾಲ್ಕು ವರ್ಷದ ಹಿಂದೆ ನಾನು ಬರೆದದ್ದೇ ನಿಮ್ಮಲ್ಲಿ ನಡೆಯುತ್ತಿದೆ. ಅದು ನಿಜವಾದದ್ದಕ್ಕೆ ನಾನು ಸಂತೋಷಪಡುತ್ತಿಲ್ಲ. ಆದರೆ ನಿಜವಾಗಿದೆ.

ಬೆರಳು ಗಡಿಯಾರಕ್ಕಷ್ಟೇ ಎನ್ನುತ್ತೀಯ. ಊಟಕ್ಕೆ ಕೂತಾಗಲೂ ಎತ್ತುತ್ತಿದ್ದರಲ್ಲ? ಬೀದಿಯಲ್ಲಿ, ಔಷಧಿ ಅಂಗಡಿಯಲ್ಲಿ, ನಿನ್ನ ಚಿಕ್ಕಪ್ಪನ ಮನೆಯಲ್ಲಿ? ಅಲ್ಲೆಲ್ಲ ಯಾವ ಗಡಿಯಾರವಿತ್ತು? ಎಲ್ಲರೂ ಸುಮ್ಮನಾಗುತ್ತಿದ್ದರು. ಯಾಕೆ ಹೀಗೆ ಎಂದು ನಾನು ನಿನ್ನನ್ನೇ ಕೇಳಿದ್ದೆ. 'ನಮ್ಮ ಜನಾನೇ ಹೀಗೆ ಅಕ್ಕ, ದೊಡ್ಡೋರು ಬೆರಳೆತ್ತಿದ್ರೆ ಸುಮ್ನಾಗ್ತೀವಿ' ಎಂದಿದ್ದೆ. ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ.

ಕೊನೆಯ ಅಧ್ಯಾಯದಲ್ಲಿ ನಮ್ಮ ಜನದ ಬಗ್ಗೆಯೂ ಬರೆದಿದ್ದೆ, ನೆನಪಿದೆಯೇ? ಸತ್ತರೂ ಬಾಯಿ ಮುಚ್ಚದವರು, ಅದಕ್ಕೇ ಇಲ್ಲಿ ಯಾರ ದರ್ಬಾರೂ ನಡೆಯುವುದಿಲ್ಲ ಎಂದು. ಈಗಲೂ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ನಾಲ್ಕನೇ ಮಹಡಿಯವರೂ ಒಂದನೇ ಮಹಡಿಯವರೂ ಕಸದ ಡಬ್ಬಿಯ ವಿಷಯಕ್ಕೆ ಕಿತ್ತಾಡುತ್ತಿದ್ದಾರೆ. ಇಂಥ ಗಲಾಟೆ ನಿಮಗೆ ಹೇಗೆ ಬರಬೇಕು?

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಅಕ್ಕ


ಏಪ್ರಿಲ್ 20

ಅಕ್ಕ,

ಎದುರಂಗಡಿಯ ದರ್ಜಿ ನೆನಪಿದ್ದಾನೆಯೇ? ನಿಮ್ಮ ಪುಸ್ತಕದಲ್ಲಿ ಅವನಿಲ್ಲ. ಅಪ್ಪ ಬೆರಳೆತ್ತಿದಾಗಲೆಲ್ಲ ಇಡೀ ಬೀದಿಯಲ್ಲಿ ಸುಮ್ಮನಾಗದವನು ಅವನೊಬ್ಬನೇ. ಹೊಲಿಗೆ ಯಂತ್ರವನ್ನು ಬೇಕಂತಲೇ ಗಡಗಡ ತುಳಿಯುತ್ತ, 'ನಿನ್ ಗಡಿಯಾರಕ್ಕೆ ನನ್ ಸೂಜಿ ನಿಲ್ಲಿಸ್ಬೇಕಾ? ಯಾವೂರ್ ದೊಣೆನಾಯ್ಕ ನೀನು?' ಎನ್ನುತ್ತಿದ್ದ. ಅಪ್ಪ ಬೈಯುತ್ತಿದ್ದ. ಇಬ್ಬರೂ ಸಂಜೆ ಒಟ್ಟಿಗೆ ಟೀ ಕುಡಿಯುತ್ತಿದ್ದರು. ನೀವು ಅವನನ್ನು 'ಅಪವಾದ' ಎಂದು ಬಿಟ್ಟಿರಬೇಕು.

ಹೋದ ವಾರ ಅವನಿಗೆ ಹೇಳಿದೆ, ಮತದಾನವೇ ಬೇಡ ಅಂತಾರಂತೆ, ನಿನಗೇನೂ ಅನಿಸುವುದಿಲ್ಲವಾ ಎಂದು. ಬಾಯಲ್ಲಿದ್ದ ದಾರ ತೆಗೆದು ಮೆಲ್ಲಗೆ, 'ಏನ್ ಮಾಡೋಕಾಗುತ್ತೆ, ನಮ್ ಸ್ವಭಾವಾನೇ ಹಾಗಂತಲ್ಲ. ಅಚ್ಚಾಗಿದೆ, ಮೊಮ್ಮಗಳು ಓದಿ ಹೇಳಿದ್ಲು' ಎಂದ. ಅಕ್ಕ, ಆ ಮನುಷ್ಯ! ನನಗೆ ಅಳು ಬಂತು. ಮೂವತ್ತನಾಲ್ಕು ವರ್ಷದ ಹಿಂದೆ ನೀವು ನಮ್ಮನ್ನು ನೋಡಿ ಬರೆದಿರಿ. ಈಗ ನಾವು ನಿಮ್ಮನ್ನು ಓದಿಕೊಂಡು ಹಾಗೇ ಆಗುತ್ತಿದ್ದೇವೆ. ನಿಮ್ಮ ಮಾತು ನಿಜವಾಯಿತು ಎಂದಿರಲ್ಲ, ಅದನ್ನು ನಿಜ ಮಾಡಿದವರು ಯಾರು ಎಂದು ಒಂದು ಸಲ ಯೋಚಿಸಿ.

ಮೊನ್ನೆ ಒಂದು ಕನಸು. ಬೀದಿಯಲ್ಲಿ ಎಲ್ಲರೂ ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಒಳಗೆ ಯಾರು ಮಲಗಿದ್ದಾರೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾನೂ ಚಪ್ಪಲಿ ಕಳಚಿದೆ. ಎಚ್ಚರವಾದಾಗ ಅಂಗಾಲು ತಣ್ಣಗಿತ್ತು.

ಇನ್ನೊಂದು ಸುದ್ದಿ. ದೊಡ್ಡವರ ಪಕ್ಷದವರು ಅಂಗಡಿಗೆ ಬಂದಿದ್ದರು, ಮೂವರು, ಒಳ್ಳೇ ಬೂಟು ಹಾಕಿಕೊಂಡು. ಮತದಾನಕ್ಕೆ ಮುಂಚಿನ ದೊಡ್ಡ ಸಭೆಯಲ್ಲಿ ಅಪ್ಪ ವೇದಿಕೆ ಹತ್ತಬೇಕಂತೆ. ಪುಸ್ತಕದ ಆ ಬೆರಳು ಇದೇ ಎಂದು ಜನರಿಗೆ ತೋರಿಸಬೇಕಂತೆ. ಅಪ್ಪ ಅವರ ಮುಖ ನೋಡುತ್ತ ತಲೆಯಾಡಿಸಿದ. ಅವನಿಗೆ ಅರ್ಥವಾಯಿತೋ ಇಲ್ಲವೋ.

ಊಟದ ಮೇಜಿನ ಬೆರಳಿನ ಬಗ್ಗೆ ಕೇಳಿದಿರಿ. ಅದರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ.

ಚಿಕ್ಕಮುಳ್ಳು


ಜೂನ್ 2

ಪ್ರೀತಿಯ ಚಿಕ್ಕಮುಳ್ಳು,

ಉತ್ತರ ತಡವಾಯಿತು. ಬೇಸರ ಮಾಡಿಕೊಳ್ಳಬೇಡ. ಒಂದು ವಿಷಯ ಮೊದಲೇ ಹೇಳಬೇಕಿತ್ತು, ನಾಲಿಗೆ ಹೊರಳಲಿಲ್ಲ. ನಿಮ್ಮ ಸರ್ಕಾರದವರು ಫೆಬ್ರವರಿಯಲ್ಲೇ ನನಗೆ ಬರೆದಿದ್ದರು. ಅದೇ ಸಭೆಯಲ್ಲಿ ನನಗೊಂದು ಪದಕ ಕೊಡುತ್ತಾರಂತೆ. ಒಪ್ಪಿಕೊಂಡಿದ್ದೇನೆ. ಅರವತ್ತೊಂದು ವರ್ಷಕ್ಕೆ ಮೊದಲ ಸಲ ಯಾರೋ ನನ್ನ ಕೆಲಸಕ್ಕೆ ಬೆಲೆ ಕೊಟ್ಟಿದ್ದಾರೆ. ಪದಕ ತೆಗೆದುಕೊಂಡ ಮಾತ್ರಕ್ಕೆ ಅವರನ್ನು ಒಪ್ಪಿದಂತಲ್ಲ. ನಾನು ವಿವರಿಸುವವಳು, ಅಷ್ಟೇ.

ನಿಮ್ಮಪ್ಪನೂ ವೇದಿಕೆಯ ಮೇಲಿದ್ದರೆ ಎಷ್ಟು ಚೆನ್ನ. ಮತ್ತೆ ಆ ಬೆಂಚಿನ ಮೇಲೆ ಕೂತು ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವುದನ್ನು ನೋಡಬೇಕು.

ಇಲ್ಲಿ ಎಲ್ಲ ಕ್ಷೇಮ. ಮೆಟ್ಟಿಲ ಮೇಲಿನ ಜಗಳ ಈಚೆಗೆ ಕಡಿಮೆಯಾಗಿದೆ. ಬೇಸಿಗೆಯಲ್ಲವೇ, ಊರು ಬಿಟ್ಟು ಹೋಗಿರಬೇಕು. ಕಸದ ಡಬ್ಬಿ ಮಾತ್ರ ತುಂಬುತ್ತಲೇ ಇದೆ.

ಅಕ್ಕ


ಜೂನ್ 21

ಅಕ್ಕನಿಗೆ,

ಸಿಟ್ಟು ಬಂತು. ಎರಡು ದಿನ ಅಂಗಡಿಯ ಬಾಗಿಲನ್ನು ಜೋರಾಗಿ ಹಾಕಿದೆ. ಆಮೇಲೆ, ನನ್ನ ಹೊಟ್ಟೆಯಲ್ಲೂ ಮೂವತ್ತನಾಲ್ಕು ವರ್ಷದಿಂದ ಒಂದು ಮಾತಿದೆ, ನಿಮ್ಮನ್ನು ಬೈಯಲು ನಾನ್ಯಾರು ಅನಿಸಿತು. ಬರೆದುಬಿಡುತ್ತೇನೆ.

ನೀವು ಬರುವ ಮುಂಚಿನ ವರ್ಷವೇ ಅಪ್ಪನ ಎಡಗಿವಿ ಹೋಗಿತ್ತು. ಬಲಗಿವಿಯೂ ಹೋಗುತ್ತಿತ್ತು. ಕಿವುಡನ ಹತ್ತಿರ ಯಾರು ಗಡಿಯಾರ ರಿಪೇರಿಗೆ ಕೊಡುತ್ತಾರೆ? ಅಪ್ಪ ನನ್ನಿಂದ ಅಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದ, ಯಾರಿಗೂ ಹೇಳಬಾರದು ಎಂದು. ಮೇಜಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಅವನಿಗೆ ಒಂದಕ್ಷರವೂ ಹತ್ತುತ್ತಿರಲಿಲ್ಲ. ಅದಕ್ಕೇ ಬೆರಳು. ಒಬ್ಬೊಬ್ಬರೇ ಮಾತಾಡಿ, ತುಟಿ ನೋಡಿಕೊಳ್ಳುತ್ತೇನೆ ಎಂದು. ಬೀದಿಯಲ್ಲಿ, ಔಷಧಿ ಅಂಗಡಿಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ, ಎಲ್ಲ ಕಡೆ ಅಷ್ಟೇ. ಅವನು ಯಾರ ಬಾಯಿಗೂ ಬೀಗ ಹಾಕುತ್ತಿರಲಿಲ್ಲ ಅಕ್ಕ. ಕೇಳಿಸಿಕೊಳ್ಳಲು ಒದ್ದಾಡುತ್ತಿದ್ದ.

ಅಂಗಡಿಯಲ್ಲಿ ಅವನ ಕಿವಿ ನಾನು. ಬೆರಳೆತ್ತಿದಾಗ ಎಲ್ಲರೂ ಸುಮ್ಮನಾಗುತ್ತಿದ್ದರು, ಗಿರಾಕಿಯ ಹಿಂದೆ ನಿಂತು ನಾನು ಟಿಕ್ ಟಾಕ್ ಕೇಳಿಸಿಕೊಳ್ಳುತ್ತಿದ್ದೆ. ಸಮವಾಗಿದ್ದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ಕುಂಟುತ್ತಿದ್ದರೆ ಇಲ್ಲ. ನಿಮ್ಮ ಪುಸ್ತಕದಲ್ಲಿ 'ಮಗಳು ಕಣ್ಣು ತಗ್ಗಿಸುತ್ತಾಳೆ' ಎಂದಿದೆಯಲ್ಲ, ಅದು ನಾನು ಅಪ್ಪನಿಗೆ 'ಸರಿಯಾಗಿದೆ' ಎನ್ನುತ್ತಿದ್ದದ್ದು.

ನೀವು ಯಾಕೆ ಹೀಗೆ ಎಂದು ಕೇಳಿದಾಗ ಕೈಯಲ್ಲಿ ಪೆನ್ಸಿಲ್ ಹಿಡಿದು ನಿಂತಿದ್ದಿರಿ. ಬಾಯಿಗೆ ಬಂದದ್ದು ಹೇಳಿದೆ. ನಮ್ಮ ಜನಾನೇ ಹೀಗೆ, ಎಂದು. ಎಲ್ಲರೂ ಹೀಗೇ ಅಂದರೆ ಅಪ್ಪನೊಬ್ಬನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲವಲ್ಲ, ಅಷ್ಟೇ ನನ್ನ ಬುದ್ಧಿ. ನೀವು ಎಷ್ಟು ಖುಷಿಯಿಂದ ಬರೆದುಕೊಂಡಿರಿ! ಪುಟ ತಿರುಗಿಸಿದ ಸದ್ದು ಇನ್ನೂ ಕಿವಿಯಲ್ಲಿದೆ.

ಈಗ ಅಪ್ಪನಿಗೆ ಏನೂ ಕೇಳಿಸುವುದಿಲ್ಲ. ಗಡಿಯಾರದ ಪೆಟ್ಟಿಗೆಯ ಮೇಲೆ ಬೆರಳಿಟ್ಟು ಅದು ಅದುರುವುದನ್ನೇ ಓದುತ್ತಾನೆ. ಬೀದಿಯವರು ವಯಸ್ಸಾಯಿತು, ಕಿವಿ ಮಂದ ಎಂದುಕೊಂಡಿದ್ದಾರೆ. ಆ ಕಾಲದಿಂದಲೂ ಕಿವುಡ ಎಂದು ಯಾರಿಗೂ ಗೊತ್ತಿಲ್ಲ. ಅವನು ಊರಿನ ದೊಡ್ಡ ಗಡಿಯಾರವನ್ನು ಹೊಂದಿಸಿದವನು, ಅದೇ ಅವನ ಮಾನ. ಅದನ್ನು ನಿಮ್ಮ ಕೈಗಿಡುತ್ತಿದ್ದೇನೆ. ಬರೆಯಿರಿ. ಬರೆಯದಿದ್ದರೆ ನಮಗೆ ಸೆಪ್ಟೆಂಬರ್ ಆದಮೇಲೆ ಬಾಯಿರುವುದಿಲ್ಲ.

ಚಿಕ್ಕಮುಳ್ಳು


ಆಗಸ್ಟ್ 11

ಚಿಕ್ಕಮುಳ್ಳೇ,

ಚಿಕ್ಕ ಕಾಗದ. ನಿಮ್ಮೂರಿಗೆ ಬರುವ ಪರಿಚಯದವರೊಬ್ಬರ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗೆ ಹಾಕುತ್ತಿಲ್ಲ.

ನಿನ್ನ ಕಾಗದ ಬಂದ ದಿನವೇ ಪದಕ ಬೇಡವೆಂದು ತಿಳಿಸಿದೆ. ಮೂರನೇ ಅಧ್ಯಾಯ ತಪ್ಪು ಎಂದು ನಮ್ಮ ಪತ್ರಿಕೆಗೂ ಬರೆದೆ. ಅಚ್ಚಾಗಲಿಲ್ಲ. ಸಂಪಾದಕರು ನನ್ನ ಹಳೆಯ ವಿದ್ಯಾರ್ಥಿ, ಊಟ ಮಾಡುವಾಗಲೂ ವಾದ ನಿಲ್ಲಿಸದವನು. ಫೋನಿನಲ್ಲಿ ಮೆಲ್ಲಗೆ, 'ಈಗ ಬೇಡ ಮೇಡಂ' ಎಂದ. ನನ್ನ ಪ್ರಯಾಣದ ಅನುಮತಿ ಕಾಗದ ಯಾವುದೋ ಕಚೇರಿಯ ಮೇಜಿನ ಮೇಲೆ ಕೂತಿದೆ. ಬರಲಾಗುವುದಿಲ್ಲ.

ನಮ್ಮ ಬೀದಿಗೂ ಚಿತ್ರಗಳು ಬಂದಿವೆ. ಇವರು ನಮ್ಮದೇ ದೊಡ್ಡವರು. ಬೆರಳಿಲ್ಲ, ಕೈಕಟ್ಟಿ ನಗುವ ಮುಖ. ಮೆಟ್ಟಿಲ ಮೇಲೆ ಯಾರೂ ಮಾತಾಡುವುದಿಲ್ಲ. ಬೇಸಿಗೆಗೆ ಊರು ಬಿಟ್ಟವರಲ್ಲ ಅವರು, ಎಲ್ಲ ಮನೆಯಲ್ಲೇ ಇದ್ದಾರೆ. ಬಾಗಿಲ ಹಿಂದೆ ಉಸಿರಾಡುವುದು ಗೊತ್ತಾಗುತ್ತದೆ. ಗಡಿಯಾರ ಗಂಟೆ ಹೊಡೆದರೆ ಮೆಟ್ಟಿಲಿಗೆ ಕೇಳುತ್ತದೆಂದು ನಾನು ಕೀಲಿ ಕೊಡುವುದನ್ನೇ ಬಿಟ್ಟಿದ್ದೇನೆ. ಬಾಯಿ ಮುಚ್ಚದ ಜನ ಎಂದು ನಾನೇ ಬರೆದಿದ್ದೆನಲ್ಲ, ಆ ಅಧ್ಯಾಯವನ್ನು ಓದಲು ಧೈರ್ಯವಾಗುತ್ತಿಲ್ಲ.

ಇದರ ಜೊತೆ ನೋಟ್‌ಬುಕ್ಕಿನ ಒಂದು ಹಾಳೆ ಇಟ್ಟಿದ್ದೇನೆ. ನೀನು ಉತ್ತರ ಕೊಟ್ಟ ದಿನದ್ದು. ಅಂಚಿನಲ್ಲಿ ನೋಡು, ನನ್ನದೇ ಅಕ್ಷರ: 'ಯಾವಾಗಲೂ ಬಲಗಿವಿಯನ್ನೇ ಕೊಡುತ್ತಾರೆ. ಎಡಗಿವಿ? ಕೇಳಬೇಕು.'

ಕೇಳಲಿಲ್ಲ. ನಿನ್ನ ಉತ್ತರ ಅಷ್ಟು ಚೆನ್ನಾಗಿತ್ತು. ಅದರ ಮೇಲೆ ಒಂದು ಪುಸ್ತಕ ನಿಲ್ಲುತ್ತಿತ್ತು, ಕಿವಿಯ ಮೇಲೆ ಏನೂ ನಿಲ್ಲುತ್ತಿರಲಿಲ್ಲ. ನೀನು ಅಪ್ಪನಿಗಾಗಿ ಸುಳ್ಳು ಹೇಳಿದೆ. ನಾನು ಯಾರಿಗಾಗಿ ಸುಮ್ಮನಾದೆ?

ಕ್ಷಮಿಸು.

ಅಕ್ಕ


ಸೆಪ್ಟೆಂಬರ್ 24

ನನ್ನ ಅಕ್ಕನಿಗೆ,

ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ, ಅಡ್ಡ ಬಾಯಿ ಹಾಕಬೇಡಿ.

ಸಭೆಯ ಹಿಂದಿನ ಮಧ್ಯಾಹ್ನ ಅಪ್ಪನ ಪಕ್ಕ ಕೂತೆ. ಗಿರಾಕಿಗಳು ಅವನಿಗೆ ಬರೆದು ತೋರಿಸಲೆಂದು ಒಂದು ಸ್ಲೇಟು ಇಟ್ಟಿದ್ದೇವೆ. ಅದರಲ್ಲಿ ಎಲ್ಲ ಬರೆದೆ. ನಾನು ನಿಮಗೆ ಹೇಳಿದ ಸುಳ್ಳು, ಪುಸ್ತಕ, ಪಾಠ, ದೊಡ್ಡವರ ಚಿತ್ರ, ನಾಳೆ ಅವನ ಬೆರಳಿನಿಂದ ಏನು ಮಾಡಿಸಬೇಕೆಂದಿದ್ದಾರೆ ಎಂಬುದು. ಒಂಬತ್ತು ಸಲ ಒರೆಸಿ ಒರೆಸಿ ಬರೆದೆ. ಕೊನೆಗೆ ನಿಮ್ಮ ಹಾಳೆ ಕೊಟ್ಟೆ. ಅಪ್ಪ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಚಿನ ಅಕ್ಷರ ಓದಿದ. ಗೋಡೆಯ ಬಿಸಿಲು ಒಂದು ಗಡಿಯಾರದಿಂದ ಇನ್ನೊಂದಕ್ಕೆ ಸರಿಯಿತು.

'ಅವ್ಳಿಗೂ ಗೊತ್ತಿತ್ತಾ?' ಎಂದು ನಗತೊಡಗಿದ. ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, 'ನನ್ ಒಂದು ಕಿವಿ ಮುಚ್ಚಿಡೋಕೆ ಇಡೀ ದೇಶಾನೇ ಕೊಟ್ಬಿಟ್ಯಲ್ಲೇ, ಹುಚ್ಚಿ' ಎಂದ. ನಾನು ಅಲ್ಲೇ ಗೊಳೋ ಎಂದು ಅತ್ತೆ. ಅವನು ತಲೆ ಸವರಿದ. 'ನಾಳೆಗೆ ಇಸ್ತ್ರಿ ಮಾಡಿರೋ ಶರ್ಟು ತೆಗೆದಿಡು' ಎಂದ.

ಮೈದಾನದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ವೇದಿಕೆಯ ಮುಂದೆ ಮರದ ಕಟಕಟೆ. ದೊಡ್ಡವರು ಅಪ್ಪನ ಭುಜದ ಮೇಲೆ ಕೈಯಿಟ್ಟು, 'ನಮ್ಮ ಸ್ವಭಾವ ಏನು ಅನ್ನೋದನ್ನ ಇವತ್ತು ನೀವೇ ನೋಡಿ' ಎಂದರು. ಅಪ್ಪ ಬೆರಳೆತ್ತಿದ.

ಸುಮ್ಮನಾಯಿತು. ಅಷ್ಟು ಜನ, ಅಷ್ಟು ಮೌನ. ನನ್ನ ಕನಸಿನ ಬೀದಿ ಅದೇ. ಬೆರಳು ಇಳಿಯಲೇ ಇಲ್ಲ. ಅಪ್ಪ ಒಂದೊಂದೇ ಮುಖ ನೋಡುತ್ತ ಬಂದ, ಯಾವ ತುಟಿಯೂ ಅಲ್ಲಾಡಲಿಲ್ಲ. ಆಗ ಎತ್ತಿದ ಅದೇ ಕೈಯನ್ನು ನಿಧಾನವಾಗಿ ಕಿವಿಯ ಹಿಂದಕ್ಕೆ ಒಯ್ದು ಅಂಗೈ ಮುದುರಿ ನಿಂತ.

'ನಂಗೆ ಕಿವಿ ಕೇಳ್ಸಲ್ಲ' ಎಂದ. ಮೈಕು ಅದನ್ನು ಮೈದಾನದ ತುದಿಯವರೆಗೆ ಒಯ್ಯಿತು. 'ಆಗ್ಲೂ ಕೇಳಿಸ್ತಿರ್ಲಿಲ್ಲ. ಕೇಳಿಸ್ಕೊಳೋಕೇ ನಾನು ಬೆರಳೆತ್ತುತಿದ್ದದ್ದು. ನೀವ್ಯಾಕೆ ಸುಮ್ನಿದೀರಿ? ಏನಾದ್ರೂ ಹೇಳ್ರಪ್ಪಾ, ಸ್ವಲ್ಪ ಜೋರಾಗಿ.'

ದೊಡ್ಡವರು ಮೈಕಿಗೆ ಕೈ ಹಾಕಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಕರ್ಕಶ ದನಿ: 'ಲೇ ಗಡಿಯಾರ! ನಾನು ಕೊಟ್ಟ ಅಲಾರಂ ಯಾವಾಗಯ್ಯ ವಾಪಸ್ ಕೊಡ್ತೀಯಾ? ಆರು ವರ್ಷ ಆಯ್ತು!'

ದರ್ಜಿ! ಅಲಾರಂ ಸುದ್ದಿ ಬಿಟ್ಟರೆ ಅವನಿಗೆ ಬೇರೇನೂ ಹೊಳೆದಿರಲಿಲ್ಲ ಅಂತೆ, ಆಮೇಲೆ ಹೇಳಿದ. ಯಾರೋ ನಕ್ಕರು. ಇನ್ಯಾರೋ ನಮ್ಮ ಬೀದಿಗೆ ನೀರು ಬಂದಿಲ್ಲ ಎಂದರು. ಒಬ್ಬಳು ತನ್ನ ಅಣ್ಣ ಯಾವ ಜೈಲಿನಲ್ಲಿದ್ದಾನೆ ಎಂದು ಕೇಳಿದಳು. ಆಮೇಲೆ ಯಾರು ಏನು ಹೇಳುತ್ತಿದ್ದಾರೆ ಎಂದು ತಿಳಿಯದಷ್ಟು ಗದ್ದಲ. ಮೈಕು ಕಿತ್ತುಕೊಂಡರು, ಅದರಿಂದ ಏನೂ ಉಪಯೋಗವಾಗಲಿಲ್ಲ.

ಅಪ್ಪನಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವನು ಕಟಕಟೆಯ ಮರದ ಮೇಲೆ ಬೆರಳಿಟ್ಟು, ಗಡಿಯಾರದ ಪೆಟ್ಟಿಗೆ ಮುಟ್ಟಿದ ಹಾಗೆ, ಅರೆಗಣ್ಣು ಮಾಡಿ ನಿಂತಿದ್ದ. ನನ್ನನ್ನು ಹುಡುಕಿ ನೋಡಿದ. ಎಷ್ಟೋ ವರ್ಷದ ಮೇಲೆ ನಾನು ಜನರ ಹಿಂದೆ ನಿಂತು ಅವನಿಗೆ ಕಣ್ಣು ಮುಚ್ಚಿ ತೆರೆದೆ. 'ಹ್ಞೂಂ, ಓಡ್ತಿದೆ' ಎಂದಿತು ಅವನ ತುಟಿ.

ಮರುದಿನ ಅಪ್ಪನನ್ನು ಠಾಣೆಗೆ ಕರೆದುಕೊಂಡು ಹೋದರು. ಎಷ್ಟು ಪ್ರಶ್ನೆ ಕೇಳಿದರೂ 'ಕೇಳ್ಸಲ್ಲ' ಎಂದನಂತೆ. ಸಂಜೆಗೆ ತಂದು ಬಿಟ್ಟರು. ಕಳೆದ ಭಾನುವಾರ ಮತದಾನ ಆಯಿತು. ನಮ್ಮ ಊರಿನಲ್ಲಿ 'ಬೇಕು' ಎಂದವರೇ ಹೆಚ್ಚು. ದೇಶದ ಎಣಿಕೆ ಮುಗಿದರೂ ಹೇಳಿಲ್ಲ, ಮತ್ತೊಮ್ಮೆ ಎಣಿಸುತ್ತಿದ್ದಾರೆ. ಜನ ಕಚೇರಿಯ ಮುಂದೆ ಕೂತಿದ್ದಾರೆ. ದರ್ಜಿ ಹೊಲಿಗೆ ಯಂತ್ರವನ್ನೂ ಅಲ್ಲಿಗೇ ಹೊತ್ತುಕೊಂಡು ಹೋಗಿದ್ದಾನೆ.

ಅಕ್ಕ, ಒಂದು ಮಾತು. ಈಗ ನಮ್ಮದು ಕೂಗುವ ಜನ ಎಂದು ಇನ್ನೊಂದು ಪುಸ್ತಕ ಬರೆಯಬೇಡಿ, ನಿಮ್ಮ ದಮ್ಮಯ್ಯ. ಅವತ್ತು ಕೂಗಿದೆವು, ಅಷ್ಟೇ. ನಾಳೆ ಏನು ಮಾಡುತ್ತೇವೋ ನಾಳೆ ನೋಡಬೇಕು. ನಿಮ್ಮವರೂ ಹಾಗೇ ಇರಬಹುದು. ಮೊದಲು ಕೂಗುವವರಿಗೆ ದೊಡ್ಡ ಮಾತೇ ಬೇಕಿಲ್ಲ, ಒಂದು ಅಲಾರಂ ಸಾಕು.

ನಿಮ್ಮ ಮೇಲೆ ಸಿಟ್ಟಿಲ್ಲ. ಗಡಿಯಾರಕ್ಕೆ ಕೀಲಿ ಕೊಡದೆ ಬಿಟ್ಟದ್ದಕ್ಕೆ ಮಾತ್ರ ಅಪ್ಪನಿಗೆ ಬೇಜಾರಾಗಿದೆ. ಎಣ್ಣೆ ಗಟ್ಟಿಯಾಗುತ್ತದಂತೆ.

ಚಿಕ್ಕಮುಳ್ಳು


ಅಕ್ಟೋಬರ್ 19

ಚಿಕ್ಕಮುಳ್ಳೇ,

ಇವತ್ತು ಬೆಳಿಗ್ಗೆ ಬಾಗಿಲು ತೆರೆದು ಮೆಟ್ಟಿಲಿಗೆ ಬಂದು ನಿಂತೆ. ಏನು ಕೂಗುವುದೆಂದು ಮೂರು ದಿನ ಯೋಚಿಸಿದ್ದೆ, ಎಲ್ಲ ಮರೆತುಹೋಯಿತು. 'ನನ್ನ ಗಡಿಯಾರ ನಿಂತಿದೆ, ಗಂಟೆ ಎಷ್ಟು ಅಂತ ಯಾರಾದ್ರೂ ಹೇಳ್ತೀರಾ?' ಎಂದೆ. ನನ್ನ ದನಿ ಕೆಳಗಿನವರೆಗೆ ಇಳಿದು ಹೋಯಿತು.

ಆಮೇಲೆ ನಾಲ್ಕನೇ ಮಹಡಿಯಲ್ಲಿ ಚಿಲಕ ಸರಿಯಿತು. 'ಎಂಟೂವರೆ' ಎಂದಿತು ಒಂದು ದನಿ. ಕೆಳಗೆ ಇನ್ನೊಂದು ಬಾಗಿಲು. 'ಯಾರ್ರೀ ಎಂಟೂವರೆ ಅಂದದ್ದು? ಎಂಟು ಮೂವತ್ತೈದು!' ಇಬ್ಬರೂ ಜಗಳಕ್ಕೆ ನಿಂತರು. ಸ್ವಲ್ಪ ಹೊತ್ತಿಗೆ ಕಸದ ಡಬ್ಬಿಯ ವಿಷಯವೂ ಬಂತು.

ಬಾಗಿಲನ್ನು ತೆರೆದೇ ಇಟ್ಟು ಒಳಗೆ ಬಂದು ಗಡಿಯಾರಕ್ಕೆ ಕೀಲಿ ಕೊಟ್ಟೆ.

ಅಕ್ಕ